ಹುಲಿಯ ಪಾಲು

ಪೇಟೆಯ ಮನೆಗಳಲ್ಲಿ ಜೇನುತುಪ್ಪಕ್ಕೆ ವಿಶೇಷವಾದ ಒಂದು ಮರ್ಯಾದೆ ಉಂಟು. ಸಕ್ಕರೆ ಬೆಲ್ಲಗಳಂತೆ ಅದು ದಿನಬಳಕೆಯ ಡಬ್ಬಿಗಳ ಸಾಲಿನಲ್ಲಿ ನಿಲ್ಲುವುದಿಲ್ಲ. ದೇವರ ಪಂಚಾಮೃತಕ್ಕೆ, ಮಕ್ಕಳ ಕೆಮ್ಮಿಗೆ, ಅಜ್ಜಿಯ ಔಷಧದ ಅನುಪಾನಕ್ಕೆ ಎಂದು ಬೀರುವಿನ ಮೇಲಿನ ಹಲಗೆಯಲ್ಲಿ ಭದ್ರವಾಗಿ ಕುಳಿತಿರುತ್ತದೆ. ಹೊಸ ಶೀಸೆ ಮನೆಗೆ ಬಂದರೆ ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಗೃಹಿಣಿ ನೀರಿನ ಲೋಟಕ್ಕೆ ಒಂದು ತೊಟ್ಟು ಬಿಟ್ಟು ಪರೀಕ್ಷಿಸುತ್ತಾಳೆ. ಇಬ್ಬರಿಗೂ ಬೇಕಾಗಿರುವುದು ಒಂದೇ ಪ್ರಶ್ನೆಗೆ ಉತ್ತರ: ಇದು ಅಪ್ಪಟವೋ, ಬೆರಕೆಯೋ? ಇದನ್ನು ತಂದವರು ಯಾರು, ಗೂಡಿನಲ್ಲಿ ಎಷ್ಟನ್ನು ಬಿಟ್ಟು ಬಂದರು ಎಂಬ ಪ್ರಶ್ನೆ ಯಾರ ಬಾಯಿಂದಲೂ ಹೊರಡುವುದಿಲ್ಲ. ಆದರೆ ಕಾಡಿನ ಅಳಿವು ಉಳಿವು ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ.

ಈ ಪ್ರಶ್ನೆಗೆ ಉತ್ತರ ಬೇಕಾದವರು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಡೆಗೆ ಕಣ್ಣು ಹಾಯಿಸಬೇಕು. ಪೂರ್ವ ಘಟ್ಟವೂ ಪಶ್ಚಿಮ ಘಟ್ಟವೂ ಕೈ ಕೈ ಹಿಡಿಯುವ ಎಡೆ ಅದು. ಬುಡದಲ್ಲಿ ಮುಳ್ಳುಪೊದೆಯ ಕುರುಚಲು ಕಾಡು, ನಡುವೆ ಎಲೆ ಉದುರುವ ಮರಗಳು, ನೆತ್ತಿಯಲ್ಲಿ ಶೋಲೆ ಮತ್ತು ಹುಲ್ಲುಗಾವಲು. ಇಷ್ಟನ್ನೂ ತಮ್ಮ ಮನೆಯಂಗಳವೆಂದು ತಿಳಿದು ಬಾಳಿ ಬಂದವರು ಸೋಲಿಗರು. ತಾವು ಬಿದಿರ ಮೆಳೆಯಿಂದ ಹುಟ್ಟಿ ಬಂದವರೆಂಬುದು ಅವರ ಐತಿಹ್ಯ. ಬೆಟ್ಟದ ಒಡೆಯನಾದ ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಒಲಿದು ಮದುವೆಯಾದನಂತೆ. ಆದುದರಿಂದ ಊರಿನವರಿಗೆಲ್ಲ ಸ್ವಾಮಿಯಾದವನು ಸೋಲಿಗರಿಗೆ ಭಾವ. ದೇವರೊಡನೆಯೇ ಬೀಗತನ ಬೆಳೆಸಿದವರಿಗೆ ಕಾಡು ಪರರ ಸೊತ್ತಾಗಿ ಕಂಡೀತು ಹೇಗೆ? ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಆ ಎಲ್ಲೆಯೊಳಗೆ ಅವರ ದೇವರು, ಮಾರಮ್ಮ, ಕಲ್ಲುಗುಡಿ, ಅಬ್ಬಿ. ಭಾರ್ಗವಿ ಹೊಳೆಯ ಮಗ್ಗುಲಲ್ಲಿ ನಿಂತಿರುವ ದೊಡ್ಡ ಸಂಪಿಗೆಗೆ ಆರು ಶತಮಾನಗಳಿಗೂ ಮಿಕ್ಕ ವಯಸ್ಸೆಂದು ಹೇಳುತ್ತಾರೆ. ಅದಕ್ಕೆ ಗೋಪುರವಿಲ್ಲ, ಗರ್ಭಗುಡಿಯಿಲ್ಲ, ಮರವೇ ಮೂರ್ತಿ.

ಈ ಜನ ಜೇನು ಕೀಳುವ ಕ್ರಮವನ್ನು ತುಸು ನೋಡಬೇಕು. ಹೆಜ್ಜೇನು ಗೂಡು ಕಟ್ಟುವುದು ಹೆಮ್ಮರಗಳ ಕೊಂಬೆಗಳಲ್ಲಿ, ಇಲ್ಲವೇ ಕಡಿದಾದ ಬಂಡೆಗಳ ಓರೆಯಲ್ಲಿ. ಮುಂಗಾರಿಗೆ ಮೊದಲು, ಕತ್ತಲು ಕವಿದ ಮೇಲೆ, ಹೊಗೆಯ ಸೂಡಿ ಹಿಡಿದು ಒಬ್ಬನು ಮೇಲೇರುತ್ತಾನೆ. ಕೆಳಗೆ ನಿಂತವರು ಅವನ ಜೀವಕ್ಕೆ ಹೊಣೆ. ಕೈ ಜಾರಿದರೆ ಪ್ರಾಣವೇ ಜಾರಿತು. ಇಷ್ಟು ಕಷ್ಟಪಟ್ಟು ಪಡೆದುದನ್ನೆಲ್ಲ ಬಾಚಿ ತರುವುದು ವ್ಯಾಪಾರದ ಬುದ್ಧಿ. ಸೋಲಿಗರದು ಆ ಬುದ್ಧಿಯಲ್ಲ. ನೊಣಗಳು ಮತ್ತೆ ಬದುಕಿಕೊಳ್ಳಲೆಂದು ಗೂಡಿನ ಒಂದು ಭಾಗವನ್ನು ಹಾಗೆಯೇ ಉಳಿಸುತ್ತಾರೆ. ಕಿತ್ತ ಹುಟ್ಟಿನಲ್ಲಿ ಒಂದೆರಡು ತುಂಡನ್ನು ನೆಲದ ಮೇಲೆ ಇಟ್ಟು ಬರುವುದೂ ವಾಡಿಕೆ. ಯಾರಿಗೆಂದು ಕೇಳಿದರೆ, ಹುಲಿಗೆ ಎನ್ನುತ್ತಾರೆ. ಪಾಪ, ಹುಲಿಗೆ ಮರ ಹತ್ತಿ ಜೇನು ಕೀಳಲು ಬಾರದಷ್ಟೆ!

ನಮ್ಮ ಆಡುಮಾತಿನಲ್ಲಿ ಒಂದು ವಸ್ತು ಹುಲಿಯ ಪಾಲಾಯಿತೆಂದರೆ ಅದರ ಆಸೆಯನ್ನು ಬಿಟ್ಟಂತೆ. ಅಲ್ಲಿ ಹುಲಿಯ ಪಾಲೆಂದರೆ ನೆಂಟನಿಗೆ ತೆಗೆದಿಟ್ಟ ಎಡೆ. ಹುಲಿ ಜೇನನ್ನು ತಿನ್ನುತ್ತದೆಯೋ ಇಲ್ಲವೋ ಎಂದು ಪ್ರಾಣಿಶಾಸ್ತ್ರಜ್ಞರು ತರ್ಕಿಸಲಿ. ಪಾಲು ಇಡುವ ಕೈಗೆ ಅತಿಯಾಸೆ ಅಂಟದೆಂಬುದು ಮಾತ್ರ ತರ್ಕಕ್ಕೆ ನಿಲುಕುವ ಸಂಗತಿ.

ನೆಲ್ಲಿಯ ವಿಷಯದಲ್ಲಿಯೂ ಇದೇ ನೀತಿ. ಚಳಿಗಾಲದಲ್ಲಿ ಬೆಟ್ಟದ ನೆಲ್ಲಿ ಬಲಿತಾಗ ಗಂಡಸರು ಹೆಂಗಸರು ಕೂಡಿ ಕಾಯಿ ಕೀಳಲು ಹೊರಡುತ್ತಾರೆ. ಮರವನ್ನು ಬೋಳಿಸುವುದಿಲ್ಲ; ಜಿಂಕೆಗೆ, ಕಾಡುಕುರಿಗೆ ಎಂದು ಒಂದಿಷ್ಟು ಕಾಯಿ ಉಳಿಯಲೇಬೇಕು. ಜಿಂಕೆ ಕಾಯಿಯನ್ನು ನುಂಗಿ, ಮೆಲುಕು ಹಾಕುವಾಗ ಬೀಜವನ್ನು ಬೇರೆಡೆ ಉಗುಳಿ, ಹೊಸ ಸಸಿಗೆ ಎಡೆಮಾಡುತ್ತದೆ. ದಾನವೆಂದು ಕಂಡದ್ದು ಬಿತ್ತನೆಯೂ ಆಗಿರುವುದು ಇಲ್ಲಿನ ಸ್ವಾರಸ್ಯ. ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂ, ಈ ಕಿರು ಉತ್ಪನ್ನಗಳಿಂದಲೇ ಒಂದು ಕಾಲಕ್ಕೆ ಸೋಲಿಗರ ಸಂಸಾರಗಳಿಗೆ ನಗದು ವರಮಾನದಲ್ಲಿ ಸುಮಾರು ಅರ್ಧದಷ್ಟು ಒದಗುತ್ತಿತ್ತು.

ಹೀಗೆ ಹೇಳಿದರೆ ಎಲ್ಲವೂ ಸುಖವಾಗಿ ಸಾಗಿತೆಂದು ಓದುಗರು ಭಾವಿಸಬಹುದು. ಹಾಗೇನೂ ಆಗಲಿಲ್ಲ. 1974ರಲ್ಲಿ ಬೆಟ್ಟವು ವನ್ಯಜೀವಿ ಧಾಮವಾಯಿತು. ಬೇಟೆ ನಿಂತಿತು, ಕಾಡು ಸವರಿ ರಾಗಿ ಬಿತ್ತುವ ತಿರುಗು ಬೇಸಾಯವೂ ನಿಂತಿತು, ಸೋಲಿಗರು ರಸ್ತೆಯ ಬದಿಯ ಪೋಡುಗಳಲ್ಲಿ ನೆಲೆಸಬೇಕಾಯಿತು. ಕಾಡಿನ ಉತ್ಪನ್ನವನ್ನು ಕೊಳ್ಳಲು ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸಂಘಗಳು ಬಂದವು. 1981ರಲ್ಲಿ ಡಾಕ್ಟರ್ ಸುದರ್ಶನರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಿಂದ ಆಸ್ಪತ್ರೆ, ಶಾಲೆಗಳು ಬೆಳೆದವು. 1990ರ ದಶಕದಲ್ಲಿ ಜೇನನ್ನು ಸೋಸಿ ಶೀಸೆಗೆ ತುಂಬುವ, ನೆಲ್ಲಿಯಿಂದ ಉಪ್ಪಿನಕಾಯಿ ಮಾಡುವ ಕೆಲಸವೂ ಬೆಟ್ಟದಲ್ಲಿಯೇ ಆರಂಭವಾಯಿತು. ಯಾವ ಮರದಲ್ಲಿ ಎಷ್ಟು ಕಾಯಿ, ಎಷ್ಟು ಕೀಳಬಹುದು ಎಂಬ ಲೆಕ್ಕವನ್ನು ಬೆಂಗಳೂರಿನ ಸಂಶೋಧಕರೂ ಸೋಲಿಗರೂ ಜೊತೆಗೂಡಿ ಹಾಕತೊಡಗಿದರು.

ಅಷ್ಟರಲ್ಲಿ 2002ರ ಕಾನೂನು ತಿದ್ದುಪಡಿ ಬಂದಿತು. ಅಭಯಾರಣ್ಯಗಳಿಂದ ಯಾವ ಉತ್ಪನ್ನವನ್ನೂ ಮಾರಾಟಕ್ಕಾಗಿ ಹೊರತರಬಾರದೆಂದು ಅದರ ತಾತ್ಪರ್ಯ. ಕೆಲವೇ ವರ್ಷಗಳಲ್ಲಿ ಅದು ಬೆಟ್ಟದಲ್ಲಿ ಜಾರಿಗೂ ಬಂದಿತು. ಕಳ್ಳಸಾಗಣೆಯವರನ್ನು ತಡೆಯಬೇಕಾದ ಬಾಗಿಲು ಮನೆಯವರ ಮುಖಕ್ಕೇ ಮುಚ್ಚಿದಂತಾಯಿತು. ಜೇನು ಕಿತ್ತು ಬಾಳುತ್ತಿದ್ದವರು ಕೂಲಿ ಅರಸಿ ತೋಟಗಳಿಗೆ ಹೋದರು. ಹಣದ ನಷ್ಟಕ್ಕಿಂತ ಮನಸ್ಸಿಗಾದ ನೋವು ದೊಡ್ಡದು: ತಲೆತಲಾಂತರದಿಂದ ಪಾಲಿಟ್ಟು ಬಂದವರಿಗೆ ತಮ್ಮ ಪಾಲೇ ಇಲ್ಲವಾಯಿತು.

ಆದರೂ ಅವರು ಕೈಕಟ್ಟಿ ಕೂಡಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಅವರಿಗೆ ಒಂದು ಊರುಗೋಲಾಯಿತು. ತಮ್ಮ ದೇವರ ತಾಣಗಳು, ಎಲ್ಲೆಗಳು, ಅಬ್ಬಿಗಳು ಎಲ್ಲೆಲ್ಲಿ ಇವೆಯೆಂದು ಹಿರಿಯರು ಕಾಡಿನಲ್ಲಿ ನಡೆದು ತೋರಿಸಿದರು. ಸಂಶೋಧಕರು ನಕ್ಷೆ ಬರೆದರು. ನಾನೂರಕ್ಕೂ ಮಿಕ್ಕ ಪವಿತ್ರ ಸ್ಥಳಗಳು ಆ ನಕ್ಷೆಯಲ್ಲಿ ಮೂಡಿದವು. ಬಾಯಿಮಾತಿನಲ್ಲಿದ್ದ ನಂಬಿಕೆ ಕಾಗದದ ಮೇಲೆ ಸಾಕ್ಷ್ಯವಾಗಿ ನಿಂತಿತು. 2011ರ ಆರಂಭದಲ್ಲಿ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅದೇ ವರ್ಷದ ಗಾಂಧೀ ಜಯಂತಿಯಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿಗೂ ಹಕ್ಕು, ಹುಲಿಗೆ ಪಾಲಿಟ್ಟವರಿಗೂ ಹಕ್ಕು!

ಮುಂದೆ ಹುಲಿ ಏನಾಯಿತೆಂಬ ಕುತೂಹಲ ಸಹಜ. 2010ರಲ್ಲಿ ಇಲ್ಲಿದ್ದ ಹುಲಿಗಳು 35; 2014ರ ಹೊತ್ತಿಗೆ ಅವು 68 ಆದುವೆಂದು ವರದಿಯಾಯಿತು. ಇದೆಲ್ಲ ಸೋಲಿಗರಿಂದಲೇ ಆಯಿತೆಂದು ಹೇಳುವುದು ಅತಿಶಯೋಕ್ತಿ. ಕಾವಲು ಕಾಯ್ದ ಅರಣ್ಯ ಸಿಬ್ಬಂದಿಯ ಶ್ರಮವನ್ನು ಮರೆಯಲಾಗದು. ಆದರೆ ಜನರಿದ್ದಲ್ಲಿ ಹುಲಿ ಉಳಿಯದೆಂಬ ವಾದ ಈ ಬೆಟ್ಟದ ಮಟ್ಟಿಗೆ ಸುಳ್ಳಾಯಿತೆನ್ನಲು ಅಡ್ಡಿಯಿಲ್ಲ.

ಇಂದು ಕಾಡಿಗೆ ಒದಗಿರುವ ಶತ್ರುವಿಗೆ ಕೋರೆಹಲ್ಲಿಲ್ಲ, ಕೊಡಲಿಯಿಲ್ಲ. ಅದರ ಮುಡಿಯಲ್ಲಿ ಚೆಂದದ ಹೂವಿದೆ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಆಂಗ್ಲರು ಅಂದಕ್ಕೆಂದು ತಂದು ನೆಟ್ಟ ಲಂಟಾನ ಬೆಟ್ಟವನ್ನೇ ಮುತ್ತಿದೆ. 1997ರಲ್ಲಿ ಪರೀಕ್ಷಿಸಿದ ತಾಣಗಳ ಪೈಕಿ ನೂರಕ್ಕೆ 41ರಲ್ಲಿ ಇದ್ದ ಈ ಪೊದೆ, 2008ರ ವೇಳೆಗೆ 81ರಲ್ಲಿ ಕಂಡುಬಂದಿತು. ಇದರ ಕೆಳಗೆ ಹುಲ್ಲಿಲ್ಲ, ಹುಲ್ಲಿಲ್ಲದೆ ಜಿಂಕೆಯಿಲ್ಲ, ಜಿಂಕೆಯಿಲ್ಲದೆ ಹುಲಿಯಿಲ್ಲ. ಸೋಲಿಗರ ಹಿರಿಯರು ಇದಕ್ಕೆ ಹೇಳುವ ಕಾರಣ ಕೇಳತಕ್ಕದ್ದು. ಹಿಂದೆ ಬೇಸಗೆಯ ಮೊದಲಲ್ಲಿ ಒಣಗಿದ ಎಲೆಗಳಿಗೆ ತರಗು ಬೆಂಕಿ ಇಡುತ್ತಿದ್ದರಂತೆ. ಅದು ಮರದ ಬುಡವನ್ನು ಮುಟ್ಟದೆ ನೆಲವನ್ನು ಸವರಿ ಹೋಗುವ ಸಣ್ಣ ಬೆಂಕಿ. ಅದನ್ನು ನಿಷೇಧಿಸಿದ ಮೇಲೆ ಲಂಟಾನ ಬೆಳೆಯಿತು, ನೆಲ್ಲಿಯ ಮರಗಳಿಗೆ ಬದನಿಕೆ ಹತ್ತಿತು, ಒಮ್ಮೆ ಬೆಂಕಿ ಬಿದ್ದರೆ ಕಾಡಿಗೆ ಕಾಡೇ ಉರಿಯುವಂತಾಯಿತು ಎಂದು ಅವರ ಅಭಿಪ್ರಾಯ. ಕಾಡು ಬಲ್ಲವರ ಈ ಮಾತನ್ನು ವಿಜ್ಞಾನಿಗಳೂ ಈಗ ಗಂಭೀರವಾಗಿ ಪರಿಶೀಲಿಸುತ್ತಿದ್ದಾರೆ. ನೆರೆಯ ಮಲೆ ಮಹದೇಶ್ವರ ಬೆಟ್ಟದ ಸೋಲಿಗರಂತೂ ಲಂಟಾನದ ಕಡ್ಡಿಗಳನ್ನೇ ಬೇಯಿಸಿ, ಬಾಗಿಸಿ, ಕುರ್ಚಿ ಮೇಜುಗಳನ್ನು ಮಾಡಿ ಮಾರುತ್ತಾರೆ. ಶತ್ರುವನ್ನು ಕಡಿದು ಅನ್ನ ಸಂಪಾದಿಸುವ ಈ ಜಾಣ್ಮೆ ಮೆಚ್ಚತಕ್ಕದ್ದು.

ಸೋಲಿಗರ ಮಕ್ಕಳು ಈಗ ಓದುತ್ತಿದ್ದಾರೆ; ಡಾಕ್ಟರೇಟ್ ಪಡೆದ ವಿದ್ವಾಂಸರೂ ಅವರಲ್ಲಿದ್ದಾರೆ. ಹೆಮ್ಮರವನ್ನು ಕತ್ತಲಲ್ಲಿ ಏರುವ ಬದುಕೇ ಇರಲಿ ಎಂದು ಅವರಿಗೆ ಬುದ್ಧಿ ಹೇಳುವುದು ಪಟ್ಟಣದವರ ಸ್ವಾರ್ಥವಾದೀತು. ಆದರೆ ಏರಬಯಸುವವನ ಶ್ರಮಕ್ಕೆ ತಕ್ಕ ಬೆಲೆ, ಅವನ ಮಾತಿಗೆ ತಕ್ಕ ಮನ್ನಣೆ ಸಿಗದಿದ್ದರೆ, ಕಾಡಿನ ಕುರಿತ ತಿಳಿವಳಿಕೆ ಒಂದೇ ತಲೆಮಾರಿನಲ್ಲಿ ಆರಿಹೋಗುತ್ತದೆ. ಮರವನ್ನು ಮತ್ತೆ ನೆಡಬಹುದು. ಎಷ್ಟು ಕೀಳಬೇಕು, ಎಷ್ಟು ಬಿಡಬೇಕು ಎಂಬ ವಿವೇಕವನ್ನು ನೆಡಲು ಯಾವ ಸಸ್ಯಕ್ಷೇತ್ರದಲ್ಲಿ ಸಸಿ ದೊರೆತೀತು? ಸೋಲಿಗನು ಕೇಳದೆಯೇ ಹುಲಿಗೆ ಪಾಲಿಟ್ಟನು. ಸೋಲಿಗನು ಕೇಳಿ ಪಡೆದ ಪಾಲನ್ನು ಕಾಪಾಡುವುದು ನಾಡಿನವರ ಸರದಿ.