ನರಿ ಕಂಡಿತು, ದೊಡ್ಡಪ್ಪ

ಅರ್ವೈನ್, ಕ್ಯಾಲಿಫೋರ್ನಿಯಾ
ಮೇ ತಿಂಗಳ ಮೊದಲ ಭಾನುವಾರ



ಹೊರಡುವ ಮುಂಚೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ನರಿ ಕಂಡಿತು. ಕಾದು ಕೂತು, ದುರ್ಬೀನು ಹಿಡಿದು, ಉಸಿರು ಬಿಗಿಹಿಡಿದು ನೋಡಿದ್ದೇನೂ ಅಲ್ಲ. ಟೆಂಟಿನ ಹೊರಗೆ ಬಿಟ್ಟಿದ್ದ ನಮ್ಮ ಮನೆಯವರ ಚಪ್ಪಲಿಯನ್ನು ಅದೇ ಬಂದು ಮೂಸಿತು, ತಿನ್ನುವಂಥದ್ದು ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡಿತು, ನಮ್ಮತ್ತ ತಿರುಗಿಯೂ ನೋಡದೆ ಹೋಯಿತು. ಮಿಕ್ಕಿದ್ದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಡುವೆ ದೊಡ್ಡಮ್ಮ ಬಂದು "ಅಲ್ಲಿ ಊಟಕ್ಕೇನು ಮಾಡಿಕೊಂಡ್ರಿ?" ಅಂತಾರೆ, ಅಲ್ಲಿಗೆ ನರಿಯ ಕಥೆ ಮುಗಿಯುತ್ತದೆ. ಅದಕ್ಕೇ ಈ ಕಾಗದ. (ದೊಡ್ಡಮ್ಮನಿಗೆ: ಗೊಜ್ಜವಲಕ್ಕಿ, ಚಪಾತಿ, ನೀವು ಕಳಿಸಿದ ಚಟ್ನಿಪುಡಿ. ಒಂದು ಹೊತ್ತು ಉಪ್ಪಿಟ್ಟು. ಅದರಲ್ಲಿ ರವೆಗೆ ಸಮವಾಗಿ ಮರಳಿತ್ತು.)

ನಾವು ಹೋಗಿದ್ದು ಸಾಂತಾ ರೋಸಾ ದ್ವೀಪಕ್ಕೆ. ಲಾಸ್ ಏಂಜಲಿಸ್‌ನಿಂದ ಕರಾವಳಿಗುಂಟ ವಾಯವ್ಯಕ್ಕೆ ಹೋದರೆ ವೆಂಚುರಾ ಸಿಗುತ್ತದೆ, ಅಲ್ಲಿಂದ ದೋಣಿ. 1980ರಲ್ಲಿ ಚಾನೆಲ್ ಐಲೆಂಡ್ಸ್ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಐದು ದ್ವೀಪಗಳಲ್ಲಿ ಇದು ಎರಡನೆಯ ದೊಡ್ಡದು, ಸುಮಾರು 215 ಚದರ ಕಿಲೋಮೀಟರ್. ಅಂಗಡಿಯಿಲ್ಲ, ಹೋಟೆಲಿಲ್ಲ. ಕಸದ ಡಬ್ಬವೂ ಇಲ್ಲ; ಬಾಳೆಹಣ್ಣಿನ ಸಿಪ್ಪೆಯನ್ನೂ ಕಟ್ಟಿಕೊಂಡು ವಾಪಸ್ ತರಬೇಕು. ಸೌದೆ ಬೆಂಕಿ ಹಾಕುವಂತಿಲ್ಲ, ನಾಯಿ ತರುವಂತಿಲ್ಲ. ನಾಯಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ದೋಣಿಯಲ್ಲಿ ಮೂರು ಗಂಟೆಯ ಹಾದಿ. ಮೊದಲ ಅರ್ಧ ಸುಖವಾಗಿತ್ತು. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಟ್ಟೆಗಳು ಕಬ್ಬಿಣದ ಕಾಲೂರಿ ನಿಂತಿದ್ದವು, ಡಾಲ್ಫಿನ್‌ಗಳ ದೊಡ್ಡ ಹಿಂಡೊಂದು ದೋಣಿಯ ಮುಂದೆ ಪಂದ್ಯ ಕಟ್ಟಿ ಈಜಿತು. ನಮ್ಮ ಚಿಕ್ಕ ಮಗನಂತೂ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ. ಆಮೇಲೆ ಅಲೆ ಎದ್ದಿತು. ಶುಂಠಿ ಪೆಪ್ಪರ್‌ಮಿಂಟು ಚೀಪುತ್ತ ದಿಗಂತದ ಗೆರೆಯನ್ನೇ ದಿಟ್ಟಿಸಿ ಕೂರುವುದು ನನ್ನ ಪಾಲಿಗೆ ಬಂತು. ಬೆಚರ್ಸ್ ಕೊಲ್ಲಿಯಲ್ಲಿ ದೋಣಿ ನಿಂತಾಗ ಕಟ್ಟೆ ತಲೆಯ ಮೇಲಿರುತ್ತದೆ. ಏಳುತ್ತ ಬೀಳುತ್ತಿರುವ ದೋಣಿಯಿಂದ ಕಬ್ಬಿಣದ ಏಣಿ ಹಿಡಿದು ಹತ್ತಬೇಕು. ಚೀಲಗಳನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾರೆ. ಅಲ್ಲಿಂದ ಕ್ಯಾಂಪಿಗೆ ಎರಡೂವರೆ ಕಿಲೋಮೀಟರ್ ನಡಿಗೆ. ಆ ನಡಿಗೆಯಲ್ಲೇ ಗಾಳಿಯ ಪರಿಚಯವಾದದ್ದು.

ಗಾಳಿಯ ಬಗ್ಗೆ ಸ್ವಲ್ಪ ಬರೆಯಲೇಬೇಕು. ಈ ಕರಾವಳಿ ಉತ್ತರದಿಂದ ನೆಟ್ಟಗೆ ಇಳಿದು ಬಂದು ಪಾಯಿಂಟ್ ಕನ್ಸೆಪ್ಶನ್ ಎಂಬ ಭೂಶಿರದಲ್ಲಿ ತಟಕ್ಕನೆ ಪೂರ್ವಕ್ಕೆ ತಿರುಗುತ್ತದೆ. ತಿರುವಿನ ಒಳಗಿರುವ ಊರುಗಳಿಗೆ ಬೆಟ್ಟದ ಮರೆ ಇದೆ. ಸಾಂತಾ ರೋಸಾ ಆ ಮರೆಯಿಂದ ಆಚೆ, ತೀರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್‌ನ ವಾಯವ್ಯದ ಗಾಳಿಗೆ ಎದೆಯೊಡ್ಡಿ ಕೂತಿದೆ. ವಸಂತದಲ್ಲಿ ಗಾಳಿಯ ಆರ್ಭಟ ಹೆಚ್ಚು. ಗಂಟೆಗೆ ಐವತ್ತು ಕಿಲೋಮೀಟರಿನ ಗಾಳಿಯನ್ನು ಅಲ್ಲಿ ಯಾರೂ ಸುದ್ದಿ ಎನ್ನುವುದಿಲ್ಲ. ವಾಟರ್ ಕ್ಯಾನ್ಯನ್ ಎಂಬ ಕಣಿವೆಯ ಬಾಯಲ್ಲಿ 15 ಟೆಂಟುಗಳಿಗಷ್ಟೇ ಜಾಗ, ಪ್ರತಿಯೊಂದಕ್ಕೂ ಮರದ ಹಲಗೆಯ ಗಾಳಿಮರೆ ಕಟ್ಟಿಕೊಟ್ಟಿದ್ದಾರೆ. ಮೊದಲು ನೋಡಿದಾಗ ಇದೇನು ಕುರಿ ಕೊಟ್ಟಿಗೆ ಅನ್ನಿಸಿತು. ರಾತ್ರಿಯಾಗುವಷ್ಟರಲ್ಲಿ ಅದನ್ನು ಕಟ್ಟಿದ ಬಡಗಿಗೆ ಕೈಮುಗಿಯುವ ಹಾಗಾಯಿತು. ಟೆಂಟಿನ ಬಟ್ಟೆ ಇಡೀ ರಾತ್ರಿ ಅಗಸರ ಕಟ್ಟೆಯ ಮೇಲೆ ಒದ್ದೆ ಜಮಖಾನ ಬಡಿದ ಹಾಗೆ ಬಡಿದುಕೊಂಡಿತು. ಇವರು ದೊಡ್ಡಮ್ಮನ ಮಂಕಿ ಕ್ಯಾಪ್ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಗೊರಕೆ ಹೊಡೆದರು. ನಾನು ಹಗ್ಗದ ಗಂಟುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಬಿಗಿಯುತ್ತ ಮಲಗಿದ್ದೆ. ವಿಚಿತ್ರವೆಂದರೆ, ಮಾರನೆಯ ದಿನ ಗಾಳಿ ಗಂಟೆ ಹೊತ್ತು ನಿಂತಾಗ ಎಲ್ಲರೂ ಮಾತು ನಿಲ್ಲಿಸಿ ಏನಾಯಿತು ಅಂತ ಸುತ್ತ ನೋಡಿದೆವು.

ಈಗ ನಿಮ್ಮ ನರಿ. ತೂಕ ಎರಡು ಕಿಲೋ ಆಚೀಚೆ, ಅಂದರೆ ಮನೆಯ ಬೆಕ್ಕಿನಷ್ಟು. ಬೆನ್ನು ಬೂದಿ, ಕಿವಿಯ ಹಿಂದೆ ಮತ್ತು ಪಕ್ಕೆಗಳಲ್ಲಿ ಕಾವಿ, ಗಂಟಲು ಬಿಳುಪು, ಬಾಲದ ಉದ್ದಕ್ಕೂ ಕಪ್ಪು ಗೆರೆ. ಅಮೆರಿಕದ ನೆಲದ ಬೂದುನರಿಯೇ ಇದರ ಮೂಲ. ದ್ವೀಪಕ್ಕೆ ಬಂದು ಸಾವಿರಾರು ವರ್ಷಗಳಲ್ಲಿ ಕುಗ್ಗಿ ಬೇರೆಯೇ ಜಾತಿಯಾಗಿದೆ. ಕ್ಯಾಲಿಫೋರ್ನಿಯಾದ ಆರು ದ್ವೀಪಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ, ಒಂದೊಂದು ದ್ವೀಪಕ್ಕೂ ಒಂದೊಂದು ಉಪಜಾತಿ. ಹಗಲುಹೊತ್ತಿನಲ್ಲೇ ಧೈರ್ಯವಾಗಿ ಓಡಾಡುತ್ತದೆ. ಹೆದರಿಸುವ ದೊಡ್ಡ ಪ್ರಾಣಿ ದ್ವೀಪದಲ್ಲಿ ಯಾವುದೂ ಇರಲಿಲ್ಲವಲ್ಲ, ಆಕಾಶದ ಕಡೆ ನೋಡುವ ಅಭ್ಯಾಸವೇ ಅದಕ್ಕೆ ಬರಲಿಲ್ಲ. ಅದೇ ಮುಳುವಾಯಿತು. 1990ರ ದಶಕದ ಶುರುವಿನಲ್ಲಿ ಸಾಂತಾ ರೋಸಾದಲ್ಲಿ ಸಾವಿರಕ್ಕೂ ಮೀರಿದ್ದ ನರಿಗಳು 2000ನೇ ಇಸವಿಯ ಹೊತ್ತಿಗೆ ಎಷ್ಟಾದವು ಗೊತ್ತೇ? 15. ನಮ್ಮ ಬೀದಿಯಲ್ಲಿ ಅದಕ್ಕಿಂತ ಹೆಚ್ಚು ಬೆಕ್ಕುಗಳಿವೆ.

ಕೊಂದದ್ದು ಗೋಲ್ಡನ್ ಈಗಲ್ ಎಂಬ ಬೇಟೆಹಕ್ಕಿ. ಆದರೆ ಅಪರಾಧಿ ಅದೊಂದೇ ಅಲ್ಲ ಅನ್ನುವುದೇ ಕಥೆ, ಇಲ್ಲಿಂದ ನೀವು ಕನ್ನಡಕ ಹಾಕಿಕೊಂಡು ಓದಬೇಕು. ದ್ವೀಪಗಳಲ್ಲಿ ಮೊದಲು ಇದ್ದದ್ದು ಮೀನು ತಿನ್ನುವ ಬಿಳಿತಲೆಯ ಹದ್ದು, ಅಮೆರಿಕದ ಲಾಂಛನದಲ್ಲಿರುವುದು. ಅದು ತನ್ನ ಸರಹದ್ದಿಗೆ ಗೋಲ್ಡನ್ ಈಗಲ್ ಬಂದರೆ ಅಟ್ಟಿಬಿಡುತ್ತಿತ್ತು. ಕಳೆದ ಶತಮಾನದ ನಡುವಿನಲ್ಲಿ ಲಾಸ್ ಏಂಜಲಿಸ್ ಬಳಿಯ ಕಾರ್ಖಾನೆಯ ಡಿಡಿಟಿ ಚರಂಡಿಯ ಮೂಲಕ ಸಮುದ್ರಕ್ಕೆ ಸೇರಿತು, ಮೀನಿಗೆ ಸೇರಿತು, ಮೀನಿನಿಂದ ಹದ್ದಿಗೆ. ಮೊಟ್ಟೆಯ ಚಿಪ್ಪು ತೆಳುವಾಗಿ ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯಿತು. ಹದ್ದುಗಳ ಸಂತಾನ ನಿಂತಿತು, ಕಾವಲು ಖಾಲಿಯಾಯಿತು. ಅತ್ತ ಪಕ್ಕದ ಸಾಂತಾ ಕ್ರೂಸ್ ದ್ವೀಪದಲ್ಲಿ, ಹಿಂದೆ ರೈತರು ತಂದ ಹಂದಿಗಳು ಕಾಡುಪಾಲಾಗಿ ಸಾವಿರಾರು ಆಗಿದ್ದವು. ವರ್ಷಪೂರ್ತಿ ಹಂದಿಮರಿ ಸಿಗುವ ಜಾಗ. ಇತ್ತ ಸಾಂತಾ ರೋಸಾದಲ್ಲಿ ಬೇಟೆಯ ಶೋಕಿಗಾಗಿ ತಂದುಬಿಟ್ಟಿದ್ದ ಮ್ಯೂಲ್ ಡೀರ್ ಮತ್ತು ಎಲ್ಕ್ ಜಿಂಕೆಗಳು, ಅವುಗಳ ಕಳೇಬರ. ಗೋಲ್ಡನ್ ಈಗಲ್ ಬಂದು ಸಂಸಾರ ಹೂಡಿತು. ಹಂದಿಮರಿಯ ಮೇಲೆ ಬದುಕಿ, ನಡುನಡುವೆ ನರಿ ಹೆಕ್ಕಿತು.

ಈ ಗಂಟನ್ನು ಬಿಡಿಸಿದ ರೀತಿ ನೋಡಿ. ಉಳಿದ ನರಿಗಳನ್ನು ಹಿಡಿದು ಬೋನುಮನೆಯಲ್ಲಿಟ್ಟು ಮರಿ ಮಾಡಿಸಿದರು. ಗೋಲ್ಡನ್ ಈಗಲ್ ಕೂಡ ಕಾನೂನಿನ ರಕ್ಷಣೆಯಲ್ಲಿರುವ ಹಕ್ಕಿ, ಆದ್ದರಿಂದ 40ಕ್ಕೂ ಹೆಚ್ಚು ಹಕ್ಕಿಗಳನ್ನು ಜೀವಂತ ಹಿಡಿದು ದೂರದ ಈಶಾನ್ಯ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದರು. 2002ರಿಂದ ಬಿಳಿತಲೆ ಹದ್ದಿನ ಮರಿಗಳನ್ನು ತಂದು ಬಿಟ್ಟರು. 2006ರಲ್ಲಿ ಅವುಗಳ ಗೂಡಿನಲ್ಲಿ ಯಾರ ನೆರವೂ ಇಲ್ಲದೆ ಮರಿ ಹೊರಬಂತು, ಅರ್ಧ ಶತಮಾನದ ಮೇಲೆ. ಸಾಂತಾ ಕ್ರೂಸನ್ನು ಬೇಲಿಗಳಿಂದ ಭಾಗ ಮಾಡಿ ಐದು ಸಾವಿರ ಹಂದಿಗಳನ್ನು ಬಿಡದೆ ಕೊಂದರು. ಪ್ರತಿ ವರ್ಷ ನರಿಗಳಲ್ಲಿ ಕೆಲವಕ್ಕೆ ಲಸಿಕೆ ಹಾಕುತ್ತಾರೆ, ಕೆಲವಕ್ಕೆ ರೇಡಿಯೋ ಕಾಲರ್. ಕಾಲರ್ ಹೊತ್ತ ನರಿ ಕದಲದೆ ಬಿದ್ದಿದ್ದರೆ ಸಿಗ್ನಲ್ ಬದಲಾಗುತ್ತದೆ, ಹುಡುಕಿಹೋಗಿ ಕಾರಣ ಪತ್ತೆ ಮಾಡುತ್ತಾರೆ. ಹಡಗಿನಿಂದ ಇಳಿದ ಒಂದು ನಾಯಿ ಡಿಸ್ಟೆಂಪರ್ ರೋಗ ಹಚ್ಚಿದರೆ ಮತ್ತೆ ಹದಿನೈದಕ್ಕೇ ಇಳಿಯಬಹುದು. ನಾಯಿ ನಿಷೇಧ ಅದಕ್ಕೇ. 2004ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ್ದ ಈ ಉತ್ತರ ದ್ವೀಪಗಳ ನರಿ 2016ರಲ್ಲಿ ಪಟ್ಟಿಯಿಂದ ಹೊರಬಂತು. ಅಳಿವಿನಂಚಿನ ಜೀವಿಗಳನ್ನು ಕಾಯುವ ಅಮೆರಿಕದ ಕಾನೂನಿನ ಚರಿತ್ರೆಯಲ್ಲೇ ಇಷ್ಟು ಬೇಗ ಚೇತರಿಸಿಕೊಂಡ ಸಸ್ತನಿ ಇನ್ನೊಂದಿರಲಿಲ್ಲ.

ಈಗಂತೂ ಅವಕ್ಕೆ ಕ್ಯಾಂಪಿನ ಮೇಲೆ ಹಕ್ಕು ಬಂದುಬಿಟ್ಟಿದೆ. ಊಟದ ಸಾಮಾನು ಇಡಲು ಪ್ರತಿ ಜಾಗಕ್ಕೂ ಲೋಹದ ಪೆಟ್ಟಿಗೆ ಕೊಟ್ಟಿದ್ದಾರೆ, ಅದರ ಹೆಸರೇ ಫಾಕ್ಸ್ ಬಾಕ್ಸ್. ಡೊಂಬಕಾಗೆಗಳು ಇನ್ನೂ ಜಾಣ. ಪಕ್ಕದ ಟೆಂಟಿನವರು ಚೀಲ ಬಿಟ್ಟು ನೀರು ತರಲು ಹೋದಾಗ ಒಂದು ಬಂದು ಜಿಪ್ಪನ್ನು ಕೊಕ್ಕಿನಿಂದ ನೀಟಾಗಿ ಎಳೆದು, ಬಿಸ್ಕತ್ತಿನ ಪೊಟ್ಟಣ ಆರಿಸಿ ಎತ್ತಿಕೊಂಡು ಹೋಯಿತು. ನಮ್ಮ ಕೋಡುಬಳೆ ಬಚಾವಾದದ್ದು ಪೆಟ್ಟಿಗೆಯ ದಯೆಯಿಂದ.

ಒಂದು ದಿನ ಪೂರ್ತಿ ಲೋಬೋ ಕ್ಯಾನ್ಯನ್‌ಗೆ ಮೀಸಲಿಟ್ಟೆವು. ಹುಲ್ಲಿನ ಬೆಟ್ಟ ಹತ್ತಿ ಇಳಿದು, ಗಾಳಿ ಮತ್ತು ನೀರು ಕೊರೆದ ಮರಳುಗಲ್ಲಿನ ಗೋಡೆಗಳ ನಡುವೆ ತೊರೆಯ ಗುಂಟ ನಡೆದು ಕಡಲಿಗೆ ಸೇರುವ ಹಾದಿ. ಕಣಿವೆಯೊಳಗೆ ಗಾಳಿ ತಟ್ಟುವುದಿಲ್ಲ, ಬುತ್ತಿ ಬಿಚ್ಚಲು ದ್ವೀಪದಲ್ಲೇ ಒಳ್ಳೆಯ ಜಾಗ. ಇನ್ನೊಂದು ದಿನ ಟೋರಿ ಪೈನ್ ಮರಗಳ ದಿಣ್ಣೆ. ಅಮೆರಿಕದ ಅತಿ ಅಪರೂಪದ ಪೈನ್ ಇದು. ಸ್ಯಾನ್ ಡಿಯಾಗೋ ಬಳಿ ಒಂದಿಷ್ಟು, ಇಲ್ಲಿ ಒಂದಿಷ್ಟು, ಅಷ್ಟೆ. ಸೂಜಿ ಎಲೆಗಳು ಮಂಜನ್ನು ಹಿಡಿದು ಹನಿಯಾಗಿಸಿ ತಮ್ಮ ಬುಡಕ್ಕೆ ತಾವೇ ನೀರುಣಿಸಿಕೊಳ್ಳುತ್ತವೆ. ಎಲ್ಲವೂ ಗಾಳಿಗೆ ಬೆನ್ನು ಕೊಟ್ಟು ಬಾಗಿವೆ. ಅಲ್ಲಿ ನಿಂತರೆ ಕೊಲ್ಲಿ ಇಡಿಯಾಗಿ ಕಾಣುತ್ತದೆ: ಹಳೆಯ ಕೆಂಪು ಕೊಟ್ಟಿಗೆಗಳು, ದೋಣಿಕಟ್ಟೆ. ಸುಮಾರು ನೂರು ವರ್ಷ ಈ ದ್ವೀಪ ದನ ಸಾಕುವ ಒಂದೇ ಕಂಪನಿಯ ಕೈಲಿತ್ತು. 1986ರಲ್ಲಿ ಸರ್ಕಾರ ಕೊಂಡರೂ ದನಗಳು ಹೋದದ್ದು 1998ಕ್ಕೆ.

ನಿಮ್ಮ ಆನೆಗಳ ಸಂಗತಿ ಮರೆತಿದ್ದೆ. 1994ರಲ್ಲಿ ಇಲ್ಲಿನ ಕಡಲದಂಡೆ ಕುಸಿದಾಗ ಆನೆಯ ಕುಲದ ಕುಳ್ಳ ಮ್ಯಾಮತ್‌ನ ಹೆಚ್ಚುಕಡಿಮೆ ಪೂರ್ತಿ ಅಸ್ಥಿಪಂಜರ ಸಿಕ್ಕಿತು. ಹೆಗಲಿನ ಎತ್ತರ ಐದಾರು ಅಡಿ! ಹಿಮಯುಗದಲ್ಲಿ ಸಮುದ್ರ ತಗ್ಗಿ ನಾಲ್ಕು ದ್ವೀಪಗಳು ಒಂದಾಗಿದ್ದಾಗಲೂ ಅದಕ್ಕೂ ಮುಖ್ಯ ಭೂಮಿಗೂ ನಡುವೆ ನೀರಿತ್ತು. ಹನ್ನೆರಡು ಅಡಿ ಮೀರಿದ ಮ್ಯಾಮತ್‌ಗಳು ಈಜಿಕೊಂಡು ಬಂದು, ಮೇವು ಸಾಲದೆ ತಲೆಮಾರಿನಿಂದ ತಲೆಮಾರಿಗೆ ಕುಗ್ಗಿದವು. ಇದನ್ನು ರೇಂಜರ್ ಹೇಳಿದಾಗ ಗುಂಪಿನಲ್ಲಿ ಕೆಲವರು ನಂಬದೆ ನಕ್ಕರು. ಕಬಿನಿ ಹಿನ್ನೀರಿನಲ್ಲಿ ಆನೆ ಸೊಂಡಿಲೆತ್ತಿ ಈಜುವುದನ್ನು ನೀವು ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದಿರಲ್ಲ, ನನಗೆ ಅನುಮಾನವೇ ಬರಲಿಲ್ಲ. ಮನುಷ್ಯರೂ ಹಾಗೇ ನೀರು ದಾಟಿ ಬಂದವರೇ. 1959ರಲ್ಲಿ ಸಿಕ್ಕ ತೊಡೆಮೂಳೆಗೆ ಸುಮಾರು 13,000 ವರ್ಷ ವಯಸ್ಸು. ಆಮೇಲೆ ಇಲ್ಲಿ ನೆಲೆಸಿದ್ದ ಚುಮಾಶ್ ಜನ, ಉತ್ತರದಿಂದ ತೇಲಿಬಂದ ರೆಡ್‌ವುಡ್ ದಿಮ್ಮಿ ಸೀಳಿ, ಹಲಗೆಗಳನ್ನು ಹೊಲಿದು, ತಾನಾಗಿ ಒಸರುವ ಡಾಂಬರು ಮೆತ್ತಿ ದೋಣಿ ಮಾಡುತ್ತಿದ್ದರು. 1820ರ ಸುಮಾರಿಗೆ ಅವರನ್ನೂ ದ್ವೀಪದಿಂದ ಒಕ್ಕಲೆಬ್ಬಿಸಿ ಸ್ಪೇನಿನವರು ಕಟ್ಟಿದ ಮಿಶನ್‌ಗಳಿಗೆ ಸೇರಿಸಲಾಯಿತು. ಹಂದಿ, ದನ, ಜಿಂಕೆ ತಂದವರು ಯಾರು ಅಂತ ಪಟ್ಟಿ ಮಾಡುವಾಗ ಈ ಸಾಲನ್ನು ಬಿಟ್ಟು ಓದುವುದು ನನಗಾಗಲಿಲ್ಲ.

ದ್ವೀಪದ ನೆತ್ತಿಯಲ್ಲಿ ಈಗ ಕಾಡು ಮರಳಿಸುವ ಕೆಲಸ ನಡೆದಿದೆ. ಕುರಿ, ದನ ಮೇಯ್ದು ಮಣ್ಣು ಕೊಚ್ಚಿಹೋಗಿ ಬರಿಬಂಡೆ ಉಳಿದ ಕಡೆ ಮಂಜು ಬಂದರೂ ಹಿಡಿಯಲು ಎಲೆಯಿಲ್ಲ. ಸಣ್ಣ ತಡೆಗಳನ್ನು ಕಟ್ಟಿ ಮಣ್ಣು ನಿಲ್ಲಿಸಿ, ಮಂಜು ಹಿಡಿಯುವ ಬಲೆ ನಿಲ್ಲಿಸಿ, ದ್ವೀಪದ ಓಕ್ ಗಿಡ ನೆಡುತ್ತಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಲಾಂಟಾನ ಕಿತ್ತಷ್ಟೂ ಚಿಗುರುವುದನ್ನು ಕಂಡು ನೀವು ಹಲ್ಲು ಕಡಿಯುತ್ತಿದ್ದದ್ದು ಜ್ಞಾಪಕ ಬಂತು. ಗಿಡ ನೆಟ್ಟರೆ ಪೇಪರಿನಲ್ಲಿ ಫೋಟೋ ಬರುತ್ತದೆ, ಕಿತ್ತರೆ ಯಾರು ಬರುತ್ತಾರೆ ಅಂತಿದ್ದಿರಿ. ಇಲ್ಲಿ ಕೀಳುವುದಕ್ಕೇ ಹೆಚ್ಚು ವರ್ಷ, ಹೆಚ್ಚು ಜಗಳ ಹಿಡಿದಿದೆ. ಹಂದಿ ಕೊಲ್ಲಬಾರದೆಂದು ಕೋರ್ಟಿಗೆ ಹೋದವರಿದ್ದರು. ಜಿಂಕೆಗಳ ಬೇಟೆ ನಿಲ್ಲಿಸಿ ಅವನ್ನು 2011ರ ಕೊನೆಯೊಳಗೆ ತೆಗೆಯಬೇಕೆಂಬುದೂ ಕೋರ್ಟಿನ ರಾಜಿಯಿಂದಲೇ ಆದದ್ದು.

ಚಿಕ್ಕವನು ಇದನ್ನು ಒಪ್ಪಿಲ್ಲ. "ಜಿಂಕೆ ತಾನಾಗಿ ಬಂದಿತ್ತಾ? ಅದರ ತಪ್ಪೇನು?" ಅಂತ ವಾಪಸ್ ಬರುವ ದೋಣಿಯಲ್ಲಿ ಇವರ ಜೊತೆ ವಾದ ಹಾಕಿಕೊಂಡು ಬಂದ. ಇವರು ಲೆಕ್ಕ ಹೇಳುತ್ತಾರೆ, ಅವನಿಗೆ ಲೆಕ್ಕ ಬೇಡ. ನನಗೆ ನರಿ ಉಳಿದದ್ದು ಸರಿಯೆಂದೇ ಅನ್ನಿಸಿದರೂ, ಐದು ಸಾವಿರ ಅನ್ನುವಾಗ ನಾಲಿಗೆ ತಡವರಿಸುತ್ತದೆ. ಮೂವತ್ತು ವರ್ಷ ಕಾಡಿನ ನೌಕರಿ ಮಾಡಿದವರು ನೀವು, ಅವನಿಗೆ ನೀವೇ ಬರೆಯಿರಿ. ಇಂಗ್ಲಿಷಿನಲ್ಲಿ ಬೇಡ, ಕನ್ನಡ ಓದಲು ಕಲಿಯುತ್ತಿದ್ದಾನೆ. ಅಕ್ಷರ ಸ್ವಲ್ಪ ಬಿಡಿಸಿ ಬರೆಯಿರಿ, ನಿಮ್ಮ ಕೂಡಕ್ಷರ ನನಗೇ ಅರ್ಥವಾಗುವುದಿಲ್ಲ.

ನಿಮ್ಮ ವೀಸಾ ಕೆಲಸ ಆದರೆ ಸೆಪ್ಟೆಂಬರಿಗೆ ಬನ್ನಿ, ಆಗ ಗಾಳಿ ಕಡಿಮೆ, ಸಮುದ್ರ ಮೆತ್ತಗಿರುತ್ತದೆ. ಏಣಿ ಹತ್ತುವುದು ದೊಡ್ಡಮ್ಮನ ಮೊಣಕಾಲಿಗೆ ಆಗದಿದ್ದರೆ ಅವರನ್ನು ವೆಂಚುರಾದಲ್ಲೇ ಬಿಟ್ಟು ನಾವು ಹೋಗಿಬರೋಣ. ಅಲ್ಲಿನ ಉದ್ಯಾನದ ಕಚೇರಿಯಲ್ಲಿ ಕುಳ್ಳ ಮ್ಯಾಮತ್‌ನ ಅಚ್ಚು ನಿಲ್ಲಿಸಿದ್ದಾರೆ, ನೋಡಿಕೊಂಡಿರಲಿ. ಬರುವಾಗ ಇನ್ನೊಂದು ಮಂಕಿ ಕ್ಯಾಪ್ ತನ್ನಿ, ಇವರದು ಗಾಳಿಗೆ ಹಾರಿ ಸಮುದ್ರದ ಪಾಲಾಯಿತು.

ಇಂತಿ ನಿಮ್ಮ,
ಪುಟ್ಟಿ