ಗಾಂಧಿನಗರದಿಂದ ಕೋಡಂಬಾಕಂಗೆ ಎಷ್ಟು ದೂರ?

ರೈಲು ಹಳಿ ಅಳೆದರೆ 362 ಕಿಲೋಮೀಟರ್. ರಸ್ತೆಯಲ್ಲಾದರೆ ಸುಮಾರು 350. ಭೂಪಟದ ಮೇಲೆ ಸ್ಕೇಲ್ ಇಟ್ಟು ನೇರ ಗೆರೆ ಎಳೆದರೆ ಬೆಂಗಳೂರಿನಿಂದ ಚೆನ್ನೈಗೆ 290 ಅಷ್ಟೇ. ವಿಮಾನದವರ ಲೆಕ್ಕ ಇನ್ನೂ ಸುಲಭ: ಒಂದು ಗಂಟೆ! ಅಂದರೆ ಇಂಟರ್ವಲ್ ಬೆಲ್ ಹೊಡೆಯೋದರೊಳಗೆ ಮದ್ರಾಸು!

ನಂಬಿದಿರಾ? ನಾನೂ ಒಂದು ಸಲ ಹಾರಿ ನೋಡಿದ್ದೇನೆ, ಕೇಳಿ.

ನಮ್ಮ ಸೋದರಮಾವ ವಡಪಳನಿಯ ಸ್ಟುಡಿಯೋಗಳಲ್ಲಿ ಲೈಟ್‌ಬಾಯ್ ಆಗಿದ್ದವರು. ಮದುವೆ, ಮಕ್ಕಳು ಎಲ್ಲಾ ಅಲ್ಲೇ. ಒಂದು ದಿನ ಬೆಳಿಗ್ಗೆ ಎಂಟಕ್ಕೆ ಫೋನು: ಮಾವನಿಗೆ ಹೃದಯದ ಆಪರೇಷನ್, ಮಧ್ಯಾಹ್ನ ಮೂರಕ್ಕೆ ಒಳಗೆ ಕರ್ಕೊಂಡು ಹೋಗ್ತಾರೆ, ನಿನ್ನನ್ನೇ ಕೇಳ್ತಿದ್ದಾರೆ. ಕೈಯಲ್ಲಿದ್ದ ದುಡ್ಡೆಲ್ಲಾ ಸುರಿದು ವಿಮಾನದ ಟಿಕೆಟ್ ತೆಗೆದೆ.

ಎಂಟೂವರೆಗೆ ಮೆಜೆಸ್ಟಿಕ್ ಬಿಟ್ಟೆ. 2008ರ ಮೇ ತಿಂಗಳಿಗೆ ಮೊದಲಾಗಿದ್ದರೆ ಊರೊಳಗಿನ ಎಚ್‌ಎಎಲ್ ನಿಲ್ದಾಣ ಸಿಗುತ್ತಿತ್ತು. ಈಗ ದೇವನಹಳ್ಳಿ, 35 ಕಿಲೋಮೀಟರ್ ದೂರ. ಹೆಬ್ಬಾಳದಲ್ಲಿ ಬಸ್ಸು ನಿಂತೇ ಬಿಟ್ಟಿತು. ಆಮೇಲೆ ಕ್ಯೂ, ತಪಾಸಣೆ, ಮತ್ತೆ ಕ್ಯೂ. ಹನ್ನೆರಡಕ್ಕೆ ವಿಮಾನ ಮೇಲೆದ್ದಿತು. ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟೋಕೆ ನಲವತ್ತು ನಿಮಿಷ ಚಿಲ್ಲರೆ. ಪಕ್ಕದವರು ನೀರು ಕುಡಿದು ಮುಗಿಸೋದರಲ್ಲಿ ಇಳಿಯೋ ಘೋಷಣೆ! ಮೀನಂಬಾಕಂನಿಂದ ಮೆಟ್ರೋ ಹಿಡಿದು ವಡಪಳನಿ, ಅಲ್ಲಿಂದ ಆಟೋ. ಆಸ್ಪತ್ರೆ ಬಾಗಿಲಲ್ಲಿ ಗಡಿಯಾರ ನೋಡಿದರೆ ಎರಡು ಇಪ್ಪತ್ತು. ಒಂದು ಗಂಟೆಯ ದಾರಿಗೆ ಹೆಚ್ಚುಕಡಿಮೆ ಆರು ಗಂಟೆ, ಸ್ವಾಮಿ! 2022ರ ನವೆಂಬರಿನಲ್ಲಿ ಶುರುವಾದ ವಂದೇ ಭಾರತ್ ರೈಲು ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಸೆಂಟ್ರಲ್ ಮುಟ್ಟಿಸುತ್ತೆ. ಆದರೆ ಆವತ್ತು ಅದು ನನಗೆ ಒದಗೋ ಹಾಗಿರಲಿಲ್ಲ, ಏನು ಮಾಡೋದು?

ಮಾವ ಕಣ್ಣು ಬಿಟ್ಟು, "ಹೆಂಗ್ ಬಂದ್ಯೋ?" ಅಂದರು. ಹೇಳಿದೆ. ನಗು ಬಂತು ಅವರಿಗೆ. "ನಾವು ರಾತ್ರಿ ರೈಲಿಗೆ ಬಾಗಿಲ ಹತ್ರ ಕೂತು ಬರ್ತಿದ್ವಿ. ಬಂಗಾರಪೇಟೆ, ಜೋಲಾರಪೇಟೆ, ಕಾಟ್ಪಾಡಿ... ಅರಕ್ಕೋಣದಲ್ಲಿ ಮುಖ ತೊಳೆದ್ರೆ ನೇರ ಫ್ಲೋರಿಗೆ!"

ಹೌದು, ಆಗ ಕನ್ನಡ ಚಿತ್ರ ಅಂದರೆ ಮದ್ರಾಸೇ. ಅಣ್ಣಾವ್ರು ಹೀರೋ ಆದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' (1954) ನಿರ್ಮಾಣದಲ್ಲಿ ಎವಿಎಂ ಕೈ ಇತ್ತು. ಶಿವಣ್ಣ ಹುಟ್ಟಿದ್ದು 1962ರಲ್ಲಿ, ಅಪ್ಪು 1975ರಲ್ಲಿ, ಇಬ್ಬರೂ ಮದ್ರಾಸಿನಲ್ಲೇ. ನಮ್ಮ ಬಿಟಿಎಸ್ ಕಂಡಕ್ಟರ್ ಶಿವಾಜಿ ರಾವ್ 1973ರಲ್ಲಿ ಅಲ್ಲಿನ ಫಿಲಂ ಇನ್ಸ್‌ಟಿಟ್ಯೂಟ್ ಸೇರಿ ರಜನೀಕಾಂತ್ ಆಗಿ ಹೊರಬಂದದ್ದು ನಿಮಗೆ ಗೊತ್ತೇ ಇದೆ. ಹೆಸರು ಬಂದವರ ಕಥೆ ಪತ್ರಿಕೆಯಲ್ಲಿ ಬರುತ್ತೆ. ಅವರ ಮುಖಕ್ಕೆ ಬೆಳಕು ಹಿಡಿದು ಅಂಗೈ ಸುಟ್ಟುಕೊಂಡವರ ಹೆಸರು ಟೈಟಲ್ ಕಾರ್ಡಿನಲ್ಲೂ ಇರಲಿಲ್ಲ. ಮಾವನ ಬಲ ಅಂಗೈಯಲ್ಲಿ ಆ ಕಲೆ ಇವತ್ತಿಗೂ ಇದೆ.

ಮೂರಕ್ಕೆ ಐದು ನಿಮಿಷ ಇದ್ದಾಗ ಗಾಲಿಮಂಚ ಬಂತು. ಮಾವ ನನ್ನ ಕೈ ಹಿಡಿದು, "ವಾಪಸ್ ಹೋಗುವಾಗ ವಿಮಾನಕ್ಕೆ ದುಡ್ಡು ದಂಡ ಮಾಡ್ಬೇಡ. ನಾನು ಎದ್ದು ಓಡಾಡೋ ಹಾಗಾದ್ಮೇಲೆ ನನ್ನೂ ಕರ್ಕೊಂಡ್ ಹೋಗು. ರೈಲಲ್ಲೇ. ಈ ಸಲ ಕಿಟಕಿ ಸೀಟು ಕೊಡ್ಸು," ಅಂದರು.

ನಾಲ್ಕು ತಿಂಗಳ ಮೇಲೆ ಕೊಡಿಸಿದೆ. ಬಂಗಾರಪೇಟೆವರೆಗೂ ಒಂದು ನಿಮಿಷ ಕಣ್ಣು ಮುಚ್ಚಲಿಲ್ಲ ಮುದುಕ!