ಕುದುರೆಯವಳು

ಕುದುರೆ ಬೇಡವೆಂದು ಹಟ ಹಿಡಿದವಳು ನಾನೇ. ಐವತ್ತೆಂಟರಲ್ಲೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವಳೆಂಬ ಜಂಬ ಬೇರೆ! ಆದರೆ ಪೆರು ದೇಶದ ವಿನಿಕುಂಕಾ ಬೆಟ್ಟದ ನೆತ್ತಿ 5,000 ಮೀಟರಿಗೂ ಮೇಲೆ.

2023ರ ಆಗಸ್ಟ್; ಅಲ್ಲಿ ಚಳಿಗಾಲ. ನಸುಕಿನಲ್ಲೇ ಕುಸ್ಕೋ ಊರು ಬಿಟ್ಟು ಬಂದ ನಮ್ಮ ಗುಂಪು ಮಾರ್ಗದರ್ಶಿಯ ಹಿಂದೆ ಮುಂದಕ್ಕೆ ಹೋಯಿತು. ನಾನು ಹತ್ತು ಹೆಜ್ಜೆಗೊಮ್ಮೆ ನಿಂತೆ. ಬೆಳಿಗ್ಗೆ ಕುಡಿದ ಕೋಕಾ ಎಲೆಯ ಕಷಾಯ ನಾಲಿಗೆಯಲ್ಲಿ ಉಳಿದಿತ್ತೇ ಹೊರತು ಉಸಿರು ಸಿಗಲೊಲ್ಲದು. "ನಿಧಾನ ಅಮ್ಮಾ, ಆತುರ ಏನಿದೆ?" ಎಂದಳು ಮಗಳು. ಅವಳು ಚಿಕ್ಕವಳಿದ್ದಾಗ ನಾನು ಹೇಳುತ್ತಿದ್ದ ಮಾತು. ಕಣ್ಣು ತುಂಬಿತು, ಗಾಳಿಗೆ ಎಂದೆ.

ಕೊನೆಗೆ ಕುದುರೆ ಹತ್ತಿದೆ. ಹಗ್ಗ ಹಿಡಿದವಳು ಕೆಚುವಾ ಹೆಂಗಸು. ನೆರಿಗೆಯ ಲಂಗ, ಬರಿಗಾಲಿಗೆ ಟೈರಿನ ಚಪ್ಪಲಿ. ನನಗೋ ಎರಡೆರಡು ಜೊತೆ ಉಣ್ಣೆಯ ಕಾಲುಚೀಲ! ಕೂತಿರಲು ನಾಚಿಕೆಯಾಯಿತು. ಆದರೆ ನಾನು ನಡೆದರೆ ಅವಳ ಅಂದಿನ ಸಂಪಾದನೆ ಎಲ್ಲಿಂದ ಬರಬೇಕು?

ಕಡೆಯ ಕಡಿದಾದ ಏರಿಗೆ ಕುದುರೆ ಹೋಗುವಂತಿಲ್ಲ. ಅವಳು ಮೊಣಕೈ ಹಿಡಿದು ಇಳಿಸಿ, ತನ್ನ ಎದೆಯ ಮೇಲೆ ಕೈಯಿಟ್ಟು ದೀರ್ಘವಾಗಿ ಉಸಿರೆಳೆದು ತೋರಿಸಿದಳು, ಮಗುವಿಗೆ ಕಲಿಸುವ ಹಾಗೆ. ಹಾಗೇ ಎಳೆದು ಬಿಡುತ್ತಾ ಹತ್ತಿದೆ.

ಮೇಲೆ, ಎದುರಿಗೆ ಪಟ್ಟೆಪಟ್ಟೆಯ ಬೆಟ್ಟ. ಕೆಂಪು ಕಬ್ಬಿಣದ ತುಕ್ಕಿನದು, ಹಳದಿಯಲ್ಲಿ ಗಂಧಕ ಸೇರಿದೆ ಎಂದು ಮಾರ್ಗದರ್ಶಿ ವಿವರಿಸುತ್ತಿದ್ದ. ಚಿತ್ರಗಳಲ್ಲಿ ಕಂಡಷ್ಟು ಗಾಢವಲ್ಲ. ಹತ್ತಾರು ಸಲ ಒಗೆದ ಸೀರೆಯ ಬಣ್ಣ. ನನಗಂತೂ ಅದೇ ಹಿಡಿಸಿತು.

ತಿರುಗಿ ಕೆಳಗೆ ನೋಡಿದೆ. ಅವಳು ಕುದುರೆಯ ಪಕ್ಕ ಕೂತು ಕದಿರು ತಿರುಗಿಸುತ್ತಾ ಉಣ್ಣೆ ನೂಲುತ್ತಿದ್ದಳು.